ಎಲೆಕ್ಟ್ರಿಕ್ ಮಾದರಿ ವಿಮಾನಗಳ ಇಎಸ್‌ಸಿ ಹೋಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಕಡೆಯ ಹವ್ಯಾಸಿಗಳೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದ ವಿದ್ಯಾರ್ಥಿಗಳೂ ಮಾತಿನ ನಡುವೆ ಮತ್ತು ಪತ್ರಗಳಲ್ಲಿ ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್), ಅಂದರೆ ಮೋಟರಿನ ವೇಗವನ್ನು ನಿಯಂತ್ರಿಸುವ ಸಾಧನದ ಬಗ್ಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉತ್ತರಗಳು ರೆಕ್ಕೆಯುಳ್ಳ ಮಾದರಿ ವಿಮಾನಗಳಿಗೆ ಸಂಬಂಧಿಸಿದವು. ಕ್ವಾಡ್‌ಕಾಪ್ಟರ್‌ಗಳ ಪ್ರಸ್ತಾಪ ಅಗತ್ಯವಿದ್ದಲ್ಲಿ ಮಾತ್ರ ಬರುತ್ತದೆ.

## ಆರಂಭದ ಪ್ರಶ್ನೆಗಳು

"ಇಎಸ್‌ಸಿ ಅಂದರೆ ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ ತಾನೆ? ಅದರೊಳಗೆ ಏನು ನಡೆಯುತ್ತದೆ?"

ವೇಗವನ್ನು ಹೆಚ್ಚು ಕಡಿಮೆ ಮಾಡುತ್ತದೆ ಎನ್ನುವ ಮಟ್ಟಿಗೆ ಹೌದು, ಅದರಾಚೆಗೆ ಹೋಲಿಕೆ ನಿಲ್ಲುವುದಿಲ್ಲ. ಬ್ರಷ್‌ಲೆಸ್ ಮೋಟರಿನಲ್ಲಿ ಸುರುಳಿಗಳ ಮೂರು ಗುಂಪುಗಳಿರುತ್ತವೆ. ಬ್ಯಾಟರಿಯಿಂದ ಬರುವ ಡಿಸಿ ವಿದ್ಯುತ್ತನ್ನು ಯಾವ ಕ್ಷಣದಲ್ಲಿ ಯಾವ ಎರಡು ಗುಂಪುಗಳಲ್ಲಿ ಹರಿಸಬೇಕು ಎಂಬುದನ್ನು ಇಎಸ್‌ಸಿಯಲ್ಲಿರುವ ಪುಟ್ಟ ಮೈಕ್ರೋಕಂಟ್ರೋಲರ್ ನಿರ್ಧರಿಸಿ, ಆರು ಮಾಸ್‌ಫೆಟ್ ಸ್ವಿಚ್ಚುಗಳ ಮೂಲಕ ಅದನ್ನು ಜಾರಿಗೆ ತರುತ್ತದೆ. ಆ ಹೊತ್ತಿಗೆ ಖಾಲಿಯಿರುವ ಮೂರನೆಯ ಗುಂಪಿನಲ್ಲಿ, ಆಯಸ್ಕಾಂತಗಳು ಹಾದುಹೋಗುವುದರಿಂದ ಹುಟ್ಟುವ ವೋಲ್ಟೇಜನ್ನು ಗಮನಿಸಿ ರೋಟರ್ (ಮೋಟರಿನ ತಿರುಗುವ ಭಾಗ) ಎಲ್ಲಿದೆ ಎಂದು ಅದು ತಿಳಿದುಕೊಳ್ಳುತ್ತದೆ. ಮೋಟರ್ ನಿಂತಿರುವಾಗ ಈ ವೋಲ್ಟೇಜೇ ಇರುವುದಿಲ್ಲವಾದ್ದರಿಂದ ಶುರುವಿನಲ್ಲಿ ಅದು ಕುರುಡಾಗಿ ತಳ್ಳಬೇಕಾಗುತ್ತದೆ. ಕೆಲವು ಅಗ್ಗದ ಇಎಸ್‌ಸಿಗಳು ಆರಂಭದಲ್ಲಿ ತೊದಲುವುದು ಇದೇ ಕಾರಣದಿಂದ.

ಕೆಲಸದ ವೇಗವನ್ನು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. 14 ಧ್ರುವಗಳ ಸಾಮಾನ್ಯ ಔಟ್‌ರನ್ನರ್ (ಹೊರಚಿಪ್ಪು ತಿರುಗುವ) ಮೋಟರ್ ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದ್ದರೆ, ಇಎಸ್‌ಸಿ ಪ್ರತಿ ಸೆಕೆಂಡಿಗೆ ಸುಮಾರು 5,600 ಬಾರಿ ವಿದ್ಯುತ್ತಿನ ದಾರಿಯನ್ನು ಬದಲಿಸುತ್ತಿರುತ್ತದೆ.

"ಹಳೆಯ ಬ್ರಷ್ ಮೋಟರಿನ ಕಂಟ್ರೋಲರ್ ಇದೆ, ಅದನ್ನೇ ಹಾಕಬಹುದಾ?"

ಆಗುವುದಿಲ್ಲ. ಅದರಲ್ಲಿ ಮೋಟರಿಗೆ ಹೋಗುವ ತಂತಿಗಳು ಎರಡೇ. ಬ್ರಷ್‌ಲೆಸ್ ಮೋಟರಿಗೆ ಮೂರು ಬೇಕು.

"ಮೋಟರ್ ಉಲ್ಟಾ ತಿರುಗುತ್ತಿದೆ. ಇಎಸ್‌ಸಿ ಹಾಳಾಗಿದೆಯಾ?"

ಹಾಳಾಗಿಲ್ಲ. ಮೋಟರಿಗೆ ಹೋಗುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಆದರೆ ಬ್ಯಾಟರಿ ಕಡೆಯ ಕೆಂಪು ಮತ್ತು ಕಪ್ಪು ತಂತಿಗಳನ್ನು ಒಮ್ಮೆಯೂ ಅದಲು ಬದಲು ಮಾಡಬಾರದು. ಹೆಚ್ಚಿನ ಇಎಸ್‌ಸಿಗಳಲ್ಲಿ ಅದಕ್ಕೆ ಯಾವ ರಕ್ಷಣೆಯೂ ಇಲ್ಲ, ಮಾಸ್‌ಫೆಟ್‌ಗಳು ಆ ಕ್ಷಣದಲ್ಲೇ ಸುಟ್ಟುಹೋಗುತ್ತವೆ.

"ನನ್ನ ಮೋಟರಿಗೆ 20 ಆಂಪಿಯರ್ ಸಾಕು. ಮನೆಯಲ್ಲಿರುವ 40 ಆಂಪಿಯರ್‌ದನ್ನು ಹಾಕಿದರೆ ಮೋಟರ್ ಸುಡುವುದಿಲ್ಲವಾ?"

ಸುಡುವುದಿಲ್ಲ. ಇಎಸ್‌ಸಿಯ ಮೇಲಿನ ಸಂಖ್ಯೆ ಅದು ತಾಳಿಕೊಳ್ಳಬಲ್ಲ ಕರೆಂಟನ್ನು ಹೇಳುತ್ತದೆಯೇ ಹೊರತು ಮೋಟರಿಗೆ ತಳ್ಳುವ ಕರೆಂಟನ್ನಲ್ಲ. ಎಷ್ಟು ಎಳೆಯಬೇಕೆಂಬುದನ್ನು ಮೋಟರ್, ಪ್ರೊಪೆಲರ್ ಮತ್ತು ಬ್ಯಾಟರಿಯ ವೋಲ್ಟೇಜ್ ಸೇರಿ ತೀರ್ಮಾನಿಸುತ್ತವೆ. ದೊಡ್ಡದನ್ನು ಹಾಕಿದರೆ ಆಗುವ ನಷ್ಟವೆಂದರೆ ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚು ತೂಕ, ಅಷ್ಟೆ. ಮುನ್ನೂರು ಗ್ರಾಂನ ಥರ್ಮಕೋಲ್ ವಿಮಾನದಲ್ಲಿ ಮಾತ್ರ ಅದು ಕಡೆಗಣಿಸುವಷ್ಟು ಸಣ್ಣದಲ್ಲ.

## ಹೋಲಿಸಿ ಕೊಳ್ಳುವಾಗ

"ಎರಡರ ಮೇಲೂ 40 ಆಂಪಿಯರ್ ಅಂತಲೇ ಬರೆದಿದೆ. ಒಂದರ ಬೆಲೆ ಇನ್ನೊಂದರ ಮೂರು ಪಟ್ಟು. ಯಾಕೆ?"

ಆ ಸಂಖ್ಯೆಯನ್ನು ಯಾವ ಷರತ್ತಿನಲ್ಲಿ ಅಳೆಯಬೇಕೆಂದು ಎಲ್ಲ ತಯಾರಕರೂ ಒಪ್ಪಿಕೊಂಡ ಅಳತೆಗೋಲು ಇಲ್ಲದಿರುವುದರಿಂದ. ಒಬ್ಬರು ತಂಪಾದ ಗಾಳಿ ಜೋರಾಗಿ ಬೀಸುತ್ತಿರುವಾಗ ಪೂರ್ಣ ಥ್ರಾಟಲ್‌ನಲ್ಲಿ ಅಳೆದು ಬರೆಯುತ್ತಾರೆ. ಇನ್ನೊಬ್ಬರು ಹತ್ತು ಸೆಕೆಂಡು ತಾಳಿಕೊಳ್ಳುವ ಗರಿಷ್ಠ ಕರೆಂಟನ್ನೇ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ನಿರಂತರ ಕರೆಂಟನ್ನು ಕಾಗದದ ಮೂಲೆಗೆ ಸರಿಸುತ್ತಾರೆ. ಆದ್ದರಿಂದ ಮುಖದ ಮೇಲಿನ ಆಂಪಿಯರ್ ಸಂಖ್ಯೆಯನ್ನು ಹೋಲಿಸುವುದರಿಂದ ಸಿಗುವ ತಿಳಿವಳಿಕೆ ಬಹಳ ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಜವಾದ ವ್ಯತ್ಯಾಸ ಒಳಗಿನ ರೋಧದಲ್ಲಿದೆ. ಕರೆಂಟ್ ಹರಿಯುವಾಗ ಯಾವಾಗಲೂ ಎರಡು ಸ್ವಿಚ್ಚುಗಳನ್ನು ದಾಟಬೇಕು. ಆ ದಾರಿಯ ಒಟ್ಟು ರೋಧ 4 ಮಿಲಿಓಮ್ ಇದ್ದರೆ 30 ಆಂಪಿಯರ್ ಹರಿಯುವಾಗ 3.6 ವಾಟ್ ಶಾಖ ಹುಟ್ಟುತ್ತದೆ. 8 ಮಿಲಿಓಮ್ ಇದ್ದರೆ 7.2 ವಾಟ್. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಉದ್ದವಾದ ಈ ವಸ್ತುವಿನಿಂದ ಅಷ್ಟು ಶಾಖ ಹೊರಹೋಗುವುದು ಸುಲಭವಲ್ಲ. ದುಬಾರಿ ಇಎಸ್‌ಸಿಗಳಲ್ಲಿ ಸಾಮಾನ್ಯವಾಗಿ ಕಡಿಮೆ ರೋಧದ ಮಾಸ್‌ಫೆಟ್‌ಗಳನ್ನು ಸಮಾಂತರವಾಗಿ ಹೆಚ್ಚು ಸಂಖ್ಯೆಯಲ್ಲಿ ಬಳಸಿರುತ್ತಾರೆ, ತಾಮ್ರದ ಪದರ ದಪ್ಪವಿರುತ್ತದೆ, ಅಲ್ಯೂಮಿನಿಯಂ ಹೀಟ್‌ಸಿಂಕ್ ಚಿಪ್ಪುಗಳಿಗೆ ಸರಿಯಾಗಿ ಒತ್ತಿಕೊಂಡಿರುತ್ತದೆ. ಅಗ್ಗದ ಕೆಲವು ಇಎಸ್‌ಸಿಗಳ ಹೊದಿಕೆಯನ್ನು ಬಿಡಿಸಿ ನೋಡಿದರೆ ಹೀಟ್‌ಸಿಂಕ್ ತಟ್ಟೆ ಮಾಸ್‌ಫೆಟ್‌ಗಳಿಲ್ಲದ ಬದಿಯಲ್ಲಿ, ಬರಿಯ ಎರಡು ಬದಿ ಅಂಟುವ ಟೇಪಿನ ಮೇಲೆ ಕುಳಿತಿರುವುದು ಕಾಣುತ್ತದೆ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅಂಗಡಿಯಲ್ಲಿ ಹೊದಿಕೆ ಬಿಡಿಸಿ ನೋಡಲು ಬಿಡುವುದಿಲ್ಲವಾದ್ದರಿಂದ ಮೂರು ಹೊರಗಿನ ಗುರುತುಗಳನ್ನು ನೋಡಬಹುದು: ತೂಕ, ಬ್ಯಾಟರಿ ತಂತಿಯ ದಪ್ಪ, ಮತ್ತು ಕೆಪಾಸಿಟರ್‌ನ ಗಾತ್ರ. ಒಂದೇ ಆಂಪಿಯರ್ ಬರೆದಿರುವ ಎರಡರಲ್ಲಿ ಒಂದು ಇನ್ನೊಂದರ ಅರ್ಧದಷ್ಟೇ ತೂಗುತ್ತಿದ್ದರೆ, ಆ ಹಗುರತನ ಎಲ್ಲಿಂದ ಬಂತೆಂದು ಕೇಳಿಯೇ ಹಣ ಕೊಡಬೇಕು.

"ಹಾಗಾದರೆ ಎಷ್ಟು ಆಂಪಿಯರ್‌ದು ತೆಗೆದುಕೊಳ್ಳಲಿ?"

ಮೊದಲು ಅಳೆಯಬೇಕು. ಬ್ಯಾಟರಿ ಮತ್ತು ಇಎಸ್‌ಸಿಯ ನಡುವೆ ವಾಟ್‌ಮೀಟರ್ ಜೋಡಿಸಿ, ಪೂರ್ಣ ಚಾರ್ಜ್ ಆದ ಬ್ಯಾಟರಿಯಲ್ಲಿ, ನೀವು ಹಾರಿಸಲಿರುವ ಅದೇ ಪ್ರೊಪೆಲರ್ ಹಾಕಿ, ಕೆಲವೇ ಸೆಕೆಂಡು ಪೂರ್ಣ ಥ್ರಾಟಲ್ ಕೊಟ್ಟು ಓದಿಕೊಳ್ಳಿ. ಕಾಲೇಜು ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ 2212 ಗಾತ್ರದ 1000 ಕೆವಿ (ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟರ್, 3ಎಸ್ (ಸರಣಿಯಲ್ಲಿ ಮೂರು ಸೆಲ್‌ಗಳ) ಲಿಪೊ ಬ್ಯಾಟರಿ ಮತ್ತು 10×4.5 (ಇಂಚಿನಲ್ಲಿ ವ್ಯಾಸ ಮತ್ತು ಪಿಚ್) ಪ್ರೊಪೆಲರ್ ಜೋಡಿಯಲ್ಲಿ ಇದು ಸುಮಾರು 15 ಆಂಪಿಯರ್‌ನ ಆಸುಪಾಸಿನಲ್ಲಿರುತ್ತದೆ. ಅಳೆದದ್ದಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚಿನ ನಿರಂತರ ಕರೆಂಟ್ ತಾಳುವ ಇಎಸ್‌ಸಿಯನ್ನು ಆರಿಸಿದರೆ ಸಾಕು. ಏಪ್ರಿಲ್‌, ಮೇ ತಿಂಗಳ ಕರಾವಳಿಯ ಬಿಸಿಲಿನಲ್ಲಿ ಹಾರಿಸುವವರು ಅರ್ಧದಷ್ಟು ಹೆಚ್ಚು ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರೊಪೆಲರ್ ಬದಲಿಸಿದಾಗಲೆಲ್ಲ ಮತ್ತೆ ಅಳೆಯಬೇಕು. ಅದೇ ವೇಗದಲ್ಲಿ ತಿರುಗಿಸಲು ಬೇಕಾಗುವ ಶಕ್ತಿ ವ್ಯಾಸದ ನಾಲ್ಕನೆಯ ಘಾತಕ್ಕೆ ಹತ್ತಿರವಾಗಿ ಏರುವುದರಿಂದ, ಹತ್ತು ಇಂಚಿನಿಂದ ಹನ್ನೊಂದಕ್ಕೆ ಹೋದರೆ ಹೊರೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಮೋಟರ್ ಸ್ವಲ್ಪ ನಿಧಾನವಾಗುವುದರಿಂದ ಕರೆಂಟ್ ಪೂರ್ತಿ ಅಷ್ಟು ಏರುವುದಿಲ್ಲ, ಆದರೆ ಏರುವುದಂತೂ ಖಂಡಿತ.

"ಬಿಇಸಿ 5 ವೋಲ್ಟ್ 2 ಆಂಪಿಯರ್ ಅಂತ ಬರೆದಿದೆ. ನಾಲ್ಕು ಸರ್ವೊಗೆ ಸಾಕಾ?"

ಬಿಇಸಿಯು ರಿಸೀವರ್ ಮತ್ತು ಸರ್ವೊಗಳಿಗೆ (ರೆಕ್ಕೆ, ಬಾಲದ ಚಲಿಸುವ ಫಲಕಗಳನ್ನು ತಿರುಗಿಸುವ ಪುಟ್ಟ ಮೋಟರುಗಳಿಗೆ) 5 ವೋಲ್ಟ್ ಒದಗಿಸುವ ಇಎಸ್‌ಸಿಯ ಭಾಗ. ಇದು ಲೀನಿಯರ್ ಆಗಿದೆಯೇ ಸ್ವಿಚಿಂಗ್ ಆಗಿದೆಯೇ ಎಂಬುದರ ಮೇಲೆ ಉತ್ತರ ನಿಂತಿದೆ, ಮತ್ತು ನನ್ನ ಮಟ್ಟಿಗೆ ಎರಡು ಇಎಸ್‌ಸಿಗಳನ್ನು ಹೋಲಿಸುವಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಮೋಟರ್ ನಿಂತರೆ ವಿಮಾನ ತೇಲಿಕೊಂಡು ಕೆಳಗಿಳಿಯುತ್ತದೆ. ಬಿಇಸಿ ನಿಂತರೆ ನಿಮ್ಮ ಕೈಯಲ್ಲಿರುವುದು ಯಾರ ಮಾತನ್ನೂ ಕೇಳದ ವಿಮಾನ.

ಲೀನಿಯರ್ ಬಿಇಸಿ ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಸುಡುತ್ತದೆ. ಪೂರ್ಣ ಚಾರ್ಜ್ ಆದ 3ಎಸ್ ಬ್ಯಾಟರಿ 12.6 ವೋಲ್ಟ್ ಕೊಡುವಾಗ ಸರ್ವೊಗಳು ಒಂದು ಆಂಪಿಯರ್ ಎಳೆದರೆ 7.6 ವಾಟ್ ಶಾಖವಾಗುತ್ತದೆ, 4ಎಸ್‌ನ 16.8 ವೋಲ್ಟಿನಲ್ಲಿ ಅದೇ ಒಂದು ಆಂಪಿಯರ್‌ಗೆ 11.8 ವಾಟ್. ಬರೆದಿರುವ ಎರಡು ಆಂಪಿಯರ್ 2ಎಸ್ ಬ್ಯಾಟರಿಗೆ ಮಾತ್ರ ನಿಜವೆಂದು ಭಾವಿಸಿಕೊಂಡರೆ ಕ್ಷೇಮ. 3ಎಸ್‌ನಲ್ಲಿ ಒಂಬತ್ತು ಗ್ರಾಂನ ನಾಲ್ಕು ಸರ್ವೊಗಳು ನಡೆಯುತ್ತವೆ. 4ಎಸ್‌ಗೆ ಏರಿದರೆ ಅಥವಾ ಲೋಹದ ಗೇರಿನ ಡಿಜಿಟಲ್ ಸರ್ವೊ ಹಾಕಿದರೆ ಸ್ವಿಚಿಂಗ್ ಬಿಇಸಿಯೇ ಬೇಕು. ಸ್ವಿಚಿಂಗ್ ಬಿಇಸಿಯಲ್ಲಿ ಇನ್‌ಪುಟ್ ವೋಲ್ಟೇಜ್ ಏರಿದರೂ ಶಾಖ ಇಷ್ಟೊಂದು ಏರುವುದಿಲ್ಲ. ಕೆಲವು ಇಎಸ್‌ಸಿಗಳ ಮೇಲೆ ಆಪ್ಟೊ ಎಂದಿರುತ್ತದೆ. ಅವುಗಳಲ್ಲಿ ಬಿಇಸಿಯೇ ಇರುವುದಿಲ್ಲ, ರಿಸೀವರಿಗೆ ಬೇರೆ ವಿದ್ಯುತ್ ಕೊಡಬೇಕು.

"ಹೆಸರಾಂತ ಕಂಪನಿಯದ್ದಕ್ಕೆ ಹೆಚ್ಚು ಹಣ ಕೊಟ್ಟರೆ ಹೆಚ್ಚುವರಿ ಏನು ಸಿಗುತ್ತದೆ?"

ಸೌಲಭ್ಯ ಬೇಕಿದ್ದರೆ ಮಾತ್ರ ಹಣ ಸಾರ್ಥಕ. ಕ್ಯಾಸಲ್ ಕಂಪನಿಯ ಫೀನಿಕ್ಸ್ ಎಡ್ಜ್ ಸರಣಿ ಹಾರಾಟದ ಕರೆಂಟ್, ವೋಲ್ಟೇಜ್, ತಾಪಮಾನಗಳನ್ನು ದಾಖಲಿಸಿಕೊಳ್ಳುತ್ತದೆ. ಸ್ಪೆಕ್ಟ್ರಮ್‌ನ ಏವಿಯನ್ ಸರಣಿ ಅದೇ ಕಂಪನಿಯ ಹೊಂದುವ ರಿಸೀವರಿಗೆ ಥ್ರಾಟಲ್ ತಂತಿಯ ಮೂಲಕವೇ ಈ ಮಾಹಿತಿಯನ್ನು ಕಳಿಸುತ್ತದೆ. ಹಾಬಿವಿಂಗ್‌ನ ಫ್ಲೈಫನ್ ವಿ5ರಲ್ಲಿ, ಸ್ವಿಚ್ಚು ಆರಿದ ಕ್ಷಣದಲ್ಲೂ ಸುತ್ತುವ ಕರೆಂಟನ್ನು ಡಯೋಡಿನ ಬದಲು ಮಾಸ್‌ಫೆಟ್ ಮೂಲಕವೇ ಹರಿಸುವ ವ್ಯವಸ್ಥೆಯಿದ್ದು, ಅರ್ಧ ಥ್ರಾಟಲ್‌ನಲ್ಲಿ ಶಾಖ ಕಡಿಮೆಯಾಗುತ್ತದೆ. ಕಲಿಯುವ ವಿಮಾನಕ್ಕೆ ಇವುಗಳಲ್ಲಿ ಯಾವುದೂ ಅನಿವಾರ್ಯವಲ್ಲ. ಅದೇ ಹಣದಲ್ಲಿ ಒಂದು ವಾಟ್‌ಮೀಟರ್ ಮತ್ತು ಎರಡು ಬ್ಯಾಟರಿ ಕೊಳ್ಳುವುದು ಮೇಲು.

## ನಮ್ಮ ಜಿಲ್ಲೆಯಲ್ಲಿ ಬಳಸುವಾಗ

"ಕಾರವಾರದ ಸಮುದ್ರದಂಡೆಯಲ್ಲಿ ಹಾರಿಸಿದರೆ ಉಪ್ಪು ಹಿಡಿದು ಇಎಸ್‌ಸಿ ಹಾಳಾಗುತ್ತದಂತೆ. ನಿಜವಾ?"

ನಿಜ, ಮತ್ತು ನೀರಿಗೆ ಬೀಳದಿದ್ದರೂ ಹಾಳಾಗುತ್ತದೆ. ಮಧ್ಯಾಹ್ನದ ಕಡಲ ಗಾಳಿ ಅಲೆಗಳ ತುಂತುರಿನಿಂದ ಉಪ್ಪಿನ ಕಣಗಳನ್ನು ಹೊತ್ತು ತರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ವಿದ್ಯುತ್ ಹರಿಯುವ ತೆಳು ಪದರವಾಗುತ್ತದೆ, ಬ್ಯಾಟರಿ ಜೋಡಿಸಿದಾಗ ಆ ಪದರದಲ್ಲಿ ತಾಮ್ರ ಕರಗತೊಡಗುತ್ತದೆ. ಒಂದು ಮಳೆಗಾಲ ಪೆಟ್ಟಿಗೆಯಲ್ಲಿ ಸುಮ್ಮನೆ ಕುಳಿತಿದ್ದ ಇಎಸ್‌ಸಿಯ ತಂತಿ ಹೊದಿಕೆಯೊಳಗೆ ಹೊಗುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ: ಬೆಸುಗೆಯ ಸುತ್ತ ಹಸಿರು ಪುಡಿ, ಚಿಪ್ಪಿನ ಕಾಲುಗಳ ನಡುವೆ ಬಿಳಿ ಪೊರೆ ಕಟ್ಟಿರುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ನೀರನ್ನು ತಡೆಯುವುದಿಲ್ಲ, ಒಳಗೆ ಬಂದ ತೇವವನ್ನು ಆರಲು ಬಿಡುವುದೂ ಇಲ್ಲ.

ಪರಿಹಾರ ಹೀಗಿದೆ. ಹೊದಿಕೆಯನ್ನು ಕತ್ತರಿಸಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದು ಬ್ರಷ್ಷಿನಿಂದ ತೊಳೆದು, ಚೆನ್ನಾಗಿ ಒಣಗಿದ ಮೇಲೆ ಸರ್ಕ್ಯೂಟ್ ಬೋರ್ಡಿಗೆಂದೇ ಬರುವ ಸಿಲಿಕೋನ್ ಅಥವಾ ಅಕ್ರಿಲಿಕ್ ಲೇಪನವನ್ನು ತೆಳ್ಳಗೆ ಎರಡು ಸಲ ಬಳಿಯಬೇಕು. ಹೀಟ್‌ಸಿಂಕ್ ಕೂರುವ ಮೇಲ್ಮೈಗೂ ಕನೆಕ್ಟರ್‌ಗಳ ಸಂಪರ್ಕ ಬಿಂದುಗಳಿಗೂ ಅದು ತಾಗಬಾರದು. ನಂತರ ಹೊಸ ಹೊದಿಕೆ ಹಾಕಿ. ಇದರಿಂದ ವಾರಂಟಿ ಹೋಗುತ್ತದೆ, ಆದರೆ ಕರಾವಳಿಯಲ್ಲಿ ನಾನು ವಾರಂಟಿಗಿಂತ ಲೇಪನವನ್ನೇ ನಂಬುತ್ತೇನೆ.

ವಿಮಾನ ಸಮುದ್ರಕ್ಕೆ ಬಿದ್ದರೆ ಮೊದಲು ಬ್ಯಾಟರಿ ಕಳಚಿ, ಅದನ್ನು ಜನರಿಂದ ದೂರ ತೆರೆದ ಜಾಗದಲ್ಲಿಡಿ. ಇಎಸ್‌ಸಿಯನ್ನು ತಡಮಾಡದೆ ಸಿಹಿನೀರಿನಲ್ಲಿ ಜಾಲಾಡಿ. ಉಪ್ಪುನೀರು ಒಣಗಲು ಬಿಟ್ಟು ಮನೆಗೆ ತಂದು ತೊಳೆದರೆ ಪ್ರಯೋಜನ ಕಡಿಮೆ. "ವಾಟರ್‌ಪ್ರೂಫ್" ಎಂದು ದೋಣಿಗಳ ಇಎಸ್‌ಸಿಯನ್ನು ತಂದು ವಿಮಾನಕ್ಕೆ ಹಾಕುವವರೂ ಇದ್ದಾರೆ. ಅವುಗಳಲ್ಲಿ ಹಲವು ತಮ್ಮೊಳಗೆ ಹರಿಯುವ ನೀರಿನಿಂದಲೇ ತಣ್ಣಗಾಗುವಂಥವು, ಬರಿಯ ಗಾಳಿಯಲ್ಲಿ ಅವು ಬೇಗ ಬಿಸಿಯಾಗುತ್ತವೆ. (ಕಾರವಾರದ ಬಳಿ ನೌಕಾನೆಲೆಯೂ ಕೈಗಾ ಅಣುಸ್ಥಾವರವೂ ಇರುವುದರಿಂದ, ಎಲ್ಲಿ ಹಾರಿಸಬಹುದೆಂಬುದನ್ನು ನಾಗರಿಕ ವಿಮಾನಯಾನ ಇಲಾಖೆಯ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡೇ ದಂಡೆಗೆ ಹೋಗಬೇಕು.)

"ಬ್ಯಾಟರಿ ಕಡಿಮೆಯಾದಾಗ ಮೋಟರ್ ಪೂರ್ತಿ ನಿಲ್ಲಬೇಕಾ, ನಿಧಾನವಾಗಬೇಕಾ? ಯಾವ ಸೆಟ್ಟಿಂಗ್ ಇಡಲಿ?"

ನಿಧಾನವಾಗುವುದನ್ನೇ ಇಡಿ, ದಂಡೆಯಲ್ಲಿ ಹಾರಿಸುವವರಂತೂ ಬೇರೆ ಯೋಚನೆ ಮಾಡಬೇಡಿ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ, ಹಾಗಾಗಿ ನೀರಿನ ಮೇಲಿರುವ ವಿಮಾನ ಗಾಳಿಗೆ ಎದುರಾಗಿ ಮರಳಬೇಕು. ಆಗ ಮೋಟರ್ ಏಕಾಏಕಿ ನಿಂತರೆ ವಿಮಾನ ದಡ ಮುಟ್ಟುವುದಿಲ್ಲ. ಪ್ರತಿ ಸೆಲ್ಲಿಗೆ 3.2 ವೋಲ್ಟಿನ ಸುತ್ತ ಮಿತಿ ಇಡುವುದು ಲಿಪೊ ಬ್ಯಾಟರಿಯ ಆಯುಸ್ಸಿಗೂ ಒಳ್ಳೆಯದು.

ಸೆಲ್‌ಗಳ ಸಂಖ್ಯೆಯನ್ನು ತಾನೇ ಎಣಿಸುವ ಇಎಸ್‌ಸಿಗಳಲ್ಲಿ ಒಂದು ಅಪಾಯವಿದೆ. ಪೂರ್ಣ ಚಾರ್ಜ್ ಆದ 3ಎಸ್ ಬ್ಯಾಟರಿಯದೂ, ಬಹುತೇಕ ಖಾಲಿಯಾಗಿ ಸೆಲ್ಲಿಗೆ 3.15 ವೋಲ್ಟ್ ಉಳಿದಿರುವ 4ಎಸ್ ಬ್ಯಾಟರಿಯದೂ ಒಂದೇ 12.6 ವೋಲ್ಟ್. ಖಾಲಿ ಬ್ಯಾಟರಿ ಜೋಡಿಸಿದರೆ ಅದು ಮೂರು ಬೀಪ್ ಹೊಡೆದು, ತಪ್ಪು ಮಿತಿಯವರೆಗೆ ಬ್ಯಾಟರಿಯನ್ನು ಹಿಂಡಿಬಿಡುತ್ತದೆ. ಬೀಪ್‌ಗಳನ್ನು ಎಣಿಸುವ ಅಭ್ಯಾಸ ಇರಬೇಕು.

"ಶಿರಸಿಯಲ್ಲಿ ಅಡಿಕೆ ಮರದ ತಲೆಗೆ ಸಿಕ್ಕಿಹಾಕಿಕೊಂಡಿತು. ಇಳಿಸುವ ಹೊತ್ತಿಗೆ ಇಎಸ್‌ಸಿ ಸುಟ್ಟಿತ್ತು. ಹಾರುವಾಗ ಸರಿಯಿತ್ತಲ್ಲ?"

ಪ್ರೊಪೆಲರ್ ಅಡಿಕೆ ಹೆಡೆಗೆ (ಗರಿಗೆ) ಸಿಕ್ಕಿ ನಿಂತಿದ್ದಾಗಲೂ ಥ್ರಾಟಲ್ ಮೇಲೇ ಇದ್ದಿರಬೇಕು. ತಿರುಗದ ಮೋಟರ್ ಎಂದರೆ ಕೇವಲ ತಾಮ್ರದ ತಂತಿ. ಅದರಲ್ಲಿ ಕರೆಂಟನ್ನು ತಡೆಯುವ ಹಿಮ್ಮುಖ ವೋಲ್ಟೇಜ್ ಹುಟ್ಟುವುದಿಲ್ಲ. ಒಳ್ಳೆಯ ಇಎಸ್‌ಸಿ ಒಂದೆರಡು ಪ್ರಯತ್ನದ ಬಳಿಕ ಕೈಬಿಡುತ್ತದೆ, ಅಗ್ಗದ್ದು ಮತ್ತೆ ಮತ್ತೆ ತಳ್ಳುತ್ತಲೇ ಸುಟ್ಟುಕೊಳ್ಳುತ್ತದೆ. ಮರಕ್ಕೆ ತಾಗುತ್ತಿದೆ ಎಂದು ಕಂಡೊಡನೆ ಥ್ರಾಟಲ್ ಪೂರ್ತಿ ಇಳಿಸಿ, ಟ್ರಾನ್ಸ್‌ಮಿಟರನ್ನು ಆರಿಸದೆ ಹಾಗೇ ಇಟ್ಟುಕೊಳ್ಳಿ. ಇಳಿಸಲು ಕೊನೆಗೌಡರನ್ನು (ಮರ ಹತ್ತಿ ಅಡಿಕೆ ಕೊಯ್ಯುವವರನ್ನು) ಕಾಯಬೇಕಾಗಿಲ್ಲ. ಈಗ ತೋಟಗಳಲ್ಲಿ ಬಂದಿರುವ ಕಾರ್ಬನ್ ಫೈಬರ್ ದೋಟಿ, ಔಷಧಿ ಹೊಡೆಯುವುದರ ಜೊತೆಗೆ ಈ ಕೆಲಸಕ್ಕೂ ಸೊಗಸಾಗಿ ಒದಗುತ್ತದೆ.

"ಪೂರ್ಣ ಥ್ರಾಟಲ್‌ನಲ್ಲಿ ಸರಿ ಇರುತ್ತದೆ, ಅರ್ಧ ಥ್ರಾಟಲ್‌ನಲ್ಲಿ ಹೆಚ್ಚು ಹೊತ್ತು ಹಾರಿಸಿದರೆ ಬಿಸಿಯಾಗುತ್ತದೆ. ಯಾಕೆ ಹೀಗೆ?"

ಪೂರ್ಣ ಥ್ರಾಟಲ್‌ನಲ್ಲಿ ಮಾಸ್‌ಫೆಟ್‌ಗಳು ಮೋಟರಿನ ಲಯಕ್ಕೆ ತಕ್ಕಂತೆ ಮಾತ್ರ ಬದಲಾಗುತ್ತವೆ. ಅರ್ಧ ಥ್ರಾಟಲ್‌ನಲ್ಲಾದರೆ ಅವು ಸೆಕೆಂಡಿಗೆ ಎಂಟು ಅಥವಾ ಹದಿನಾರು ಸಾವಿರ ಬಾರಿ ಹೆಚ್ಚುವರಿಯಾಗಿ ಹೊತ್ತಿ ಆರಬೇಕು, ಪ್ರತಿ ಬಾರಿಯೂ ಚೂರು ಶಾಖ ಉಳಿಯುತ್ತದೆ. ಕೆಪಾಸಿಟರ್‌ಗೂ ಹೆಚ್ಚು ದಣಿವು ಆಗುವುದು ಈ ಸ್ಥಿತಿಯಲ್ಲೇ. ವಿಮಾನ ನಿಧಾನವಾಗಿ ಹಾರುವುದರಿಂದ ಗಾಳಿಯೂ ಕಡಿಮೆ ತಾಗುತ್ತದೆ. ಆದ್ದರಿಂದ ದೊಡ್ಡ ಪ್ರೊಪೆಲರ್ ಹಾಕಿ ಅರ್ಧ ಥ್ರಾಟಲ್‌ನಲ್ಲೇ ಹಾರಿಸಿ ಇಎಸ್‌ಸಿ ಉಳಿಸಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರ ಸರಿಯಲ್ಲ. ಫೋಮ್ ದೇಹದ ಮುಂದೆ ಗಾಳಿ ಬರಲು ಕಿಂಡಿ ಕೊರೆದವರು ಹಿಂದೆ ಅದಕ್ಕಿಂತ ದೊಡ್ಡ ಕಿಂಡಿ ಕೊರೆಯಲು ಮರೆಯುತ್ತಾರೆ. ಹೊರಹೋಗುವ ದಾರಿಯಿಲ್ಲದೆ ಗಾಳಿ ಒಳಗೂ ಬರುವುದಿಲ್ಲ.

## ಮುಂದುವರಿದವರ ಪ್ರಶ್ನೆಗಳು

"ಥ್ರಾಟಲ್ ಥಟ್ಟನೆ ಕೊಟ್ಟರೆ ಮೋಟರ್ ಕಿರುಚಿ ನಿಲ್ಲುತ್ತದೆ. ಟೈಮಿಂಗ್ ಬದಲಿಸಬೇಕಾ?"

ಇಎಸ್‌ಸಿ ರೋಟರ್‌ನ ಸ್ಥಾನದ ಲೆಕ್ಕ ತಪ್ಪಿದೆ. ಮೊದಲು ಮೂರು ತಂತಿಗಳ ಬೆಸುಗೆ ಮತ್ತು ಬುಲೆಟ್ ಕನೆಕ್ಟರ್‌ಗಳನ್ನು ಪರೀಕ್ಷಿಸಿ, ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ. ಅನಂತರ ಟೈಮಿಂಗನ್ನು, ಅಂದರೆ ಎಷ್ಟು ಮುಂಚಿತವಾಗಿ ವಿದ್ಯುತ್ತಿನ ದಾರಿ ಬದಲಿಸಬೇಕೆಂಬ ಸೆಟ್ಟಿಂಗನ್ನು, ಒಂದು ಮೆಟ್ಟಿಲು ಏರಿಸಿ. ಹೆಚ್ಚು ಧ್ರುವಗಳ ಔಟ್‌ರನ್ನರ್‌ಗಳಿಗೆ ಮಧ್ಯಮದಿಂದ ಹೆಚ್ಚಿನ ಟೈಮಿಂಗ್ ಹೊಂದುತ್ತದೆ, ಎರಡು ಧ್ರುವಗಳ ಇನ್‌ರನ್ನರ್‌ಗಳಿಗೆ (ಒಳಭಾಗ ತಿರುಗುವ ಮೋಟರುಗಳಿಗೆ) ಕಡಿಮೆ ಸಾಕು. ಏರಿಸಿದಂತೆ ವೇಗ ಸ್ವಲ್ಪ ಹೆಚ್ಚುತ್ತದೆ, ಕರೆಂಟ್ ಅದಕ್ಕಿಂತ ಹೆಚ್ಚು ಏರುತ್ತದೆ. ಮತ್ತೆ ವಾಟ್‌ಮೀಟರ್ ಜೋಡಿಸುವುದು ಕಡ್ಡಾಯ.

"ಬ್ಯಾಟರಿ ಹಿಂದೆ ಇಡಬೇಕಾಗಿದೆ. ಯಾವ ತಂತಿಯನ್ನು ಉದ್ದ ಮಾಡಲಿ?"

ಸಾಧ್ಯವಿದ್ದರೆ ಮೋಟರ್ ಕಡೆಯ ಮೂರು ತಂತಿಗಳನ್ನು. ಬ್ಯಾಟರಿ ತಂತಿ ಉದ್ದವಾದಷ್ಟೂ ಅದರ ಇಂಡಕ್ಟನ್ಸ್ ಹೆಚ್ಚಿ, ಸ್ವಿಚ್ಚು ಆರಿದಾಗಲೆಲ್ಲ ವೋಲ್ಟೇಜ್ ಚಿಮ್ಮುತ್ತದೆ. ಅದನ್ನು ನುಂಗಬೇಕಾದ ಕೆಪಾಸಿಟರ್ ಬಿಸಿಯಾಗಿ ಉಬ್ಬುತ್ತದೆ. ಅನಿವಾರ್ಯವಾದರೆ ಹೆಚ್ಚಿಸಿದ ಪ್ರತಿ 10 ಸೆಂಟಿಮೀಟರಿಗೆ 220 ಮೈಕ್ರೋಫ್ಯಾರಡ್‌ನಂತೆ ಕಡಿಮೆ ಇಎಸ್‌ಆರ್‌ನ (ಒಳರೋಧದ) ಕೆಪಾಸಿಟರ್‌ಗಳನ್ನು ಇಎಸ್‌ಸಿಯ ಬುಡದಲ್ಲೇ ಸೇರಿಸಿ.

"ಕ್ವಾಡ್‌ಕಾಪ್ಟರ್‌ನ ಹಳೆಯ ಇಎಸ್‌ಸಿಗಳಿವೆ. ವಿಮಾನಕ್ಕೆ ಹಾಕಿದರೆ?"

ಕೆಲಸ ಮಾಡುತ್ತವೆ, ನಾಲ್ಕು ವಿಷಯ ನೋಡಿಕೊಂಡರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬಿಇಸಿ ಇರುವುದಿಲ್ಲ. ಬ್ಯಾಟರಿ ಮಿತಿಯ ರಕ್ಷಣೆ ಸಾಮಾನ್ಯವಾಗಿ ಆರಿಸಿರುತ್ತದೆ. ಅವು ಪ್ರೊಪೆಲರ್ ಗಾಳಿಯ ಕೆಳಗೆ ತೆರೆದ ತೋಳಿನ ಮೇಲೆ ಕೂರಲೆಂದು ಮಾಡಿದವು, ಫೋಮ್ ದೇಹದ ಒಳಗೆ ಅವುಗಳ ಆಂಪಿಯರ್ ಸಂಖ್ಯೆಯನ್ನು ನಂಬಬಾರದು. ಕೊನೆಯದಾಗಿ ಫರ್ಮ್‌ವೇರ್ (ಇಎಸ್‌ಸಿಯೊಳಗಿನ ತಂತ್ರಾಂಶ): ಬಿಎಲ್‌ಹೆಲಿ_ಎಸ್ ಮತ್ತು ಎಎಂ32 ಸಾಮಾನ್ಯ ರಿಸೀವರಿನ 1,000ರಿಂದ 2,000 ಮೈಕ್ರೋಸೆಕೆಂಡಿನ ಸಂಕೇತವನ್ನು ಗುರುತಿಸುತ್ತವೆ, ಆದರೆ ಬ್ಲೂಜೇ ಹಾಕಿರುವ ಇಎಸ್‌ಸಿಗೆ ಡಿಶಾಟ್ ಎಂಬ ಡಿಜಿಟಲ್ ಸಂಕೇತವೇ ಬೇಕು, ರಿಸೀವರಿಗೆ ನೇರ ಜೋಡಿಸಿದರೆ ಅದು ಅಲುಗಾಡುವುದಿಲ್ಲ. ಬಿಎಲ್‌ಹೆಲಿ_32ರ ಅಭಿವೃದ್ಧಿ 2024ರಲ್ಲಿ ನಿಂತಿರುವುದರಿಂದ ಹೊಸದಾಗಿ ಕೊಳ್ಳುವವರು ಮುಕ್ತ ತಂತ್ರಾಂಶವಾದ ಎಎಂ32 ಇರುವುದನ್ನು ಹುಡುಕುವುದು ಲೇಸು.

"ಎರಡು ಇಎಸ್‌ಸಿ ಇವೆ. ಯಾವುದು ಒಳ್ಳೆಯದೆಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?"

ಮೋಟರನ್ನು ಭಾರವಾದ ಹಲಗೆಗೆ ಸ್ಕ್ರೂ ಹಾಕಿ ಬಿಗಿದು, ಹಲಗೆಯನ್ನು ಮೇಜಿಗೆ ಕ್ಲಾಂಪ್ ಮಾಡಿ. ಪ್ರೊಪೆಲರ್ ತಿರುಗುವ ಸಮತಲದಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಜಗುಲಿಯಲ್ಲೇ ಇರಬಾರದು. ಎರಡಕ್ಕೂ ಒಂದೇ ಮೋಟರ್, ಒಂದೇ ಪ್ರೊಪೆಲರ್, ಪ್ರತಿ ಸಲ ಪೂರ್ತಿ ಚಾರ್ಜ್ ಮಾಡಿದ ಒಂದೇ ಬ್ಯಾಟರಿ ಇರಲಿ. ಪ್ರೊಪೆಲರ್ ಬಿಚ್ಚಿಟ್ಟು ಎರಡಕ್ಕೂ ಥ್ರಾಟಲ್‌ನ ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಮೊದಲು ಕಲಿಸಬೇಕು, ಇಲ್ಲವಾದರೆ ಒಂದರ ಅರ್ಧ ಇನ್ನೊಂದರ ಮುಕ್ಕಾಲಾಗಿ ಹೋಲಿಕೆಯೇ ಕೆಡುತ್ತದೆ.

ಪೂರ್ಣ ಥ್ರಾಟಲ್‌ನ ಕರೆಂಟ್ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಬರುತ್ತದೆ, ಅದರಲ್ಲಿ ಸಮಯ ಕಳೆಯುವುದು ಬೇಡ. ವಾಟ್‌ಮೀಟರ್‌ನಲ್ಲಿ ಸಮಾನ ವಾಟ್ ತೋರಿಸುವಂತೆ ಅರ್ಧದ ಸುಮಾರಿಗೆ ಥ್ರಾಟಲ್ ನಿಲ್ಲಿಸಿ, ಮೂರು ನಿಮಿಷ ಓಡಿಸಿ, ಹೀಟ್‌ಸಿಂಕ್‌ನ ತಾಪಮಾನವನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಹೇಳುತ್ತದೆ, ಕಪ್ಪು ಟೇಪಿನ ಒಂದು ಚೂರನ್ನು ಅಂಟಿಸಿಕೊಳ್ಳಬೇಕು. ಬಳಿಕ ರಿಸೀವರಿನ ಖಾಲಿ ಚಾನೆಲ್ಲಿಗೆ ಮಲ್ಟಿಮೀಟರ್ ಜೋಡಿಸಿ, ಎಲ್ಲ ಸರ್ವೊಗಳನ್ನೂ ಒಮ್ಮೆಗೇ ಅಲ್ಲಾಡಿಸುತ್ತ ಬಿಇಸಿಯ ವೋಲ್ಟೇಜ್ ನೋಡಿ, 4.7ಕ್ಕಿಂತ ಕೆಳಗೆ ಕುಸಿಯುವುದನ್ನು ನಾನು ವಿಮಾನಕ್ಕೆ ಹಾಕುವುದಿಲ್ಲ. ಕೊನೆಗೆ, ನಿಂತ ಸ್ಥಿತಿಯಿಂದ ಹಲವು ಬಾರಿ ಶುರು ಮಾಡಿ ಎಷ್ಟು ಸಲ ತೊದಲಿತೆಂದು ಬರೆದುಕೊಳ್ಳಿ. ತಾಪಮಾನ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಆ ಇಎಸ್‌ಸಿಯನ್ನು ಸಣ್ಣ ಪ್ರೊಪೆಲರ್‌ನ ವಿಮಾನಕ್ಕೆ ಎತ್ತಿಡಿ.